ಅಮೆರಿಕದ ಗಡಿಯಾರದ ಮೇಲೆ ಹಾಕಿದ ತಪ್ಪು

ಪೀಣ್ಯದಲ್ಲಿ ಕಾರ್ಖಾನೆ ಶೆಡ್ಡಿನ ಮಾಲೀಕರೊಬ್ಬರು ವೆಬ್‌ಸೈಟ್ ಬೇಕು ಎಂದು ಫೋನ್ ಮಾಡಿದರೆ ಅದಕ್ಕೆ ವ್ಯಾಪಾರ ಕಾರಣ ಎಂದುಕೊಳ್ಳಬೇಡಿ. ಪಕ್ಕದ ಶೆಡ್ಡಿನವರು ಮಾಡಿಸಿರುತ್ತಾರೆ, ಅಷ್ಟೆ. ಇಪ್ಪತ್ತು ವರ್ಷ ನನ್ನ ಮನೆ ನಡೆದದ್ದು ಈ ಹೊಟ್ಟೆಕಿಚ್ಚಿನಿಂದ. ಆದ್ದರಿಂದ ಅದನ್ನು ಬೈಯುವ ಹಕ್ಕು ನನಗಿಲ್ಲ.

ಈಗ ಕೆಲಸ ಬಿಟ್ಟಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಂಕಲ್, ಕಂಪನಿ ವೆಬ್‌ಸೈಟ್‌ಗೆ ಯಾವ ಸಿಎಂಎಸ್ ಬೆಸ್ಟು?" ಸಿಎಂಎಸ್ ಎಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ವೆಬ್‌ಸೈಟಿನ ಒಳಬಾಗಿಲು. ಕಂಪನಿಯವರೇ ಆ ಬಾಗಿಲಿನಿಂದ ಒಳಗೆ ಹೋಗಿ, ಪುಟದಲ್ಲಿರುವ ಅಕ್ಷರ, ಫೋಟೊ, ಪಟ್ಟಿಗಳನ್ನು ತಾವೇ ಬದಲಾಯಿಸಿಕೊಳ್ಳುವ ವ್ಯವಸ್ಥೆ. ಪ್ರತಿ ಸಣ್ಣ ಬದಲಾವಣೆಗೂ ನನ್ನಂಥವನ ಕಾಲು ಹಿಡಿಯಬೇಕಾಗಿಲ್ಲ.

ಯಾವುದು ಒಳ್ಳೆಯದು ಎಂದು ಹೇಳುವ ಮೊದಲು ವನಜಾಕ್ಷಿ ಎನ್ನುವವರ ವಿಷಯ ಹೇಳಬೇಕು. ನನಗೆ ಅನುಕೂಲವಾಗಲೆಂದು ನಾನು ಆರಿಸಿದ ಒಂದು ವ್ಯವಸ್ಥೆಯಿಂದ, ಅದನ್ನು ಮುಚ್ಚಿಕೊಳ್ಳಲು ನಾನು ಹೇಳಿದ ಒಂದು ಸುಳ್ಳಿನಿಂದ, ಏನೂ ತಪ್ಪು ಮಾಡದ ಆ ಹೆಣ್ಣುಮಗಳು ಕುರ್ಚಿಯನ್ನೂ ಹೆಸರನ್ನೂ ಕಳೆದುಕೊಂಡರು. ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ನನಗೆ ಧೈರ್ಯ ಸಾಲದು. ಸ್ವಲ್ಪ ಸುತ್ತಿಕೊಂಡು ಬರುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಏಟಿಗೆ. ನಮ್ಮಪ್ಪ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಈಗ ಕಬ್ಬಿಣಕ್ಕೆ ಬಣ್ಣ ಹೊಡೆಯುವ ಕಾರ್ಖಾನೆ ಇದೆ. ಆ ಬಣ್ಣದ ಕಾರ್ಖಾನೆಗೆ ಬಿಲ್ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ನನ್ನ ದುಡಿಮೆ ಶುರುವಾಯಿತು. ಮೊದಲು ಅಚ್ಚಿನ ಮೊಳೆ ಜೋಡಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಟೈಪು ಮಾಡುವುದು, ಆಮೇಲೆ ವೆಬ್‌ಸೈಟು. ಒಂದರಿಂದ ಇನ್ನೊಂದಕ್ಕೆ ಹೋಗಲು ನಾನು ಯಾವ ತರಗತಿಗೂ ಹೋಗಲಿಲ್ಲ. ಗಿರಾಕಿ "ಇದೂ ಮಾಡ್ತೀರಾ?" ಎಂದು ಕೇಳಿದಾಗ "ಮಾಡ್ತೀವಿ" ಎಂದು ಹೇಳಿ, ಮನೆಗೆ ಬಂದು ಹೆದರಿಕೊಂಡು ಕಲಿತದ್ದು.

ಮೊದಮೊದಲು ಒಳಬಾಗಿಲು ಎನ್ನುವುದೇ ಇರಲಿಲ್ಲ. ಎಲ್ಲವನ್ನೂ ನಾನೇ ಮಾಡಬೇಕಿತ್ತು. ಮಾಲೀಕರು ಫೋನಿನಲ್ಲಿ ಹೇಳಿದ್ದನ್ನು ನಂಬಿ ಮಾಡಿದರೆ ಆಮೇಲೆ "ನಾನ್ ಅಂಗೆ ಹೇಳೇ ಇಲ್ವಲ್ಲ" ಎನ್ನುತ್ತಿದ್ದರು. ಹಾಗಾಗಿ ಪ್ರತಿ ಪುಟವನ್ನೂ ಪ್ರಿಂಟ್ ತೆಗೆದು, ಬೈಕಿನಲ್ಲಿ ತೆಗೆದುಕೊಂಡು ಹೋಗಿ, ಅವರಿಂದ ಕೆಂಪು ಪೆನ್ನಿನಲ್ಲಿ "ಓಕೆ" ಎಂದು ಬರೆಸಿ, ಕೆಳಗೆ ಕಾರ್ಖಾನೆಯ ಸೀಲು ಒತ್ತಿಸಿಕೊಂಡು ಬರುತ್ತಿದ್ದೆ. ಇಂಟರ್‌ನೆಟ್ಟಿಗೆ ರಬ್ಬರ್ ಸೀಲು ಹಾಕಿಸಿದ ಕೀರ್ತಿ ನನ್ನದು.

ಈ ಪದ್ಧತಿಯನ್ನು ಮನಸಾರೆ ಮೆಚ್ಚಿದವರು ಶಿವಣ್ಣ. ಪೀಣ್ಯದ ಎರಡನೇ ಹಂತದಲ್ಲಿ ಅವರದ್ದು ಸ್ಲಿಂಗ್ ಮಾಡುವ ಕಾರ್ಖಾನೆ. ಸ್ಲಿಂಗ್ ಎಂದರೆ ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ ಭಾರ ಎತ್ತುವ ಉಕ್ಕಿನ ಹಗ್ಗ. ಶಿವಣ್ಣ ಏನನ್ನು ಕೈಗೆ ಕೊಟ್ಟರೂ ಓಕೆ ಬರೆದು ಸೀಲು ಒತ್ತುವವರು. ಒಮ್ಮೆ ಅವರ ಮಗಳ ಮದುವೆಯ ಆಮಂತ್ರಣದ ಕರಡು ಪ್ರತಿಗೂ ಒತ್ತಿದ್ದರು. ಬೀಗರು ಅದನ್ನು ನೋಡಿ, ಹುಡುಗಿಗೆ ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳಿದರಂತೆ.

ಅವರ ಮೊದಲ ವೆಬ್‌ಸೈಟಿನ ಮುಖಪುಟದಲ್ಲಿ ಮೇಲೆ ನಂಜುಂಡೇಶ್ವರ, ಅದರ ಕೆಳಗೆ ಶಿವಣ್ಣ, ಅವರ ಕೆಳಗೆ ಕ್ರೇನು. ಸ್ಲಿಂಗ್ ಎಲ್ಲಿ ಎಂದು ಕೇಳಿದೆ.

"ಅದು ಒಳಗಡೆ ಪುಟದಾಗೆ ಇರ್ಲಿ ಮುನಿರಾಜು. ಬೇಕಾದೋರು ಉಡುಕ್ಕೊಂಡು ಬತ್ತಾರೆ."

"ಎಷ್ಟು ಜನ ನೋಡಿದ್ರು ಅಂತ ಕೆಳಗಡೆ ಒಂದು ನಂಬರ್ ಹಾಕ್ಲಾ?"

"ಆಕು. ಆದ್ರೆ ಸೊನ್ನೆಯಿಂದ ಶುರು ಮಾಡ್ಬೇಡ ಗುರು, ಮಾನ ಓಯ್ತದೆ. ಹತ್ತು ಸಾವಿರದಿಂದ ಶುರು ಮಾಡು."

ಶುರು ಮಾಡಿದೆ. ಇಂಥ ಸಣ್ಣ ಸುಳ್ಳುಗಳಲ್ಲಿ ಕೈ ಪಳಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ನಡುವೆ ಎರಡು ವರ್ಷ ಎಲೆಕ್ಟ್ರಾನಿಕ್ ಸಿಟಿಯ ಒಂದು ವೆಬ್‌ಸೈಟ್ ಕಂಪನಿಯಲ್ಲಿ ಸಂಬಳಕ್ಕಿದ್ದೆ. ಪೀಣ್ಯದಿಂದ ಅಲ್ಲಿಗೆ ದಿನವೂ ಹೋಗಿ ಬರುವುದೇ ಒಂದು ಉದ್ಯೋಗ. ಅದಕ್ಕೆ ಬೇರೆ ಸಂಬಳ ಕೊಡಬೇಕಿತ್ತು. ಅಲ್ಲಿ ನನ್ನ ಮೇಲಿನವರು ಸುರೇಂದ್ರ ಎಂಬುವವರು. ಬೆಳಿಗ್ಗೆ ಬಂದವರೇ ಬಿಳಿ ಹಲಗೆಯ ಮೇಲೆ ನಾಲ್ಕು ಡಬ್ಬಿ ಬರೆದು, ಅವುಗಳ ನಡುವೆ ಬಾಣ ಹಾಕಿ, ಸಂಜೆ ಅಳಿಸಿ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಕೆಲಸ ಮಾಡುತ್ತಿರಲಿಲ್ಲ ಎನ್ನುವುದೊಂದೇ ದೂರು.

ವಿದ್ಯುತ್ ಪ್ಯಾನೆಲ್ ತಯಾರಿಸುವ ದೊಡ್ಡ ಕಂಪನಿಯೊಂದಕ್ಕೆ ನಾವು ಸಿಎಂಎಸ್ ಆರಿಸಿಕೊಡಬೇಕಿತ್ತು. ಸುರೇಂದ್ರ ಸಾರ್ ಒಂದು ಪಟ್ಟಿ ಮಾಡಿದರು. ಎಡಕ್ಕೆ ಮೂರು ವ್ಯವಸ್ಥೆಗಳ ಹೆಸರು, ಮೇಲೆ ನಲವತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಐದರಲ್ಲಿ ಎಷ್ಟು ಎಂದು ಅಂಕ. ಮೂರು ವ್ಯವಸ್ಥೆಗಳನ್ನು ಮಾರುವವರೂ ಒಂದೊಂದು ದಿನ ಬಂದು ಪರದೆಯ ಮೇಲೆ ತೋರಿಸಿದರು. ಮೊದಲನೆಯವರು ಬಿಸ್ಕತ್ತು ತಂದರು. ಎರಡನೆಯವರು ಏನೂ ತರಲಿಲ್ಲ. ಮೂರನೆಯವರು ಊಟದ ಹೊತ್ತಿಗೆ ಬಿಸಿ ಬಿರಿಯಾನಿ ತರಿಸಿದರು. ನಲವತ್ತು ಪ್ರಶ್ನೆಗಳ ಅಂಕ ಕೂಡಿಸಿದಾಗ ಯಾರು ಗೆದ್ದರು ಎಂದು ನೀವೇ ಊಹಿಸಿ. ನಾನೂ ಐದಕ್ಕೆ ಐದು ಕೊಟ್ಟವನೇ. ಲೆಗ್ ಪೀಸ್ ಬಂದಿತ್ತು.

ಆ ಪ್ಯಾನೆಲ್ ಕಂಪನಿಯಲ್ಲಿ ದಿನವೂ ವೆಬ್‌ಸೈಟಿನಲ್ಲಿ ಬರೆಯಬೇಕಾಗಿದ್ದವರು ಮುಂಬಾಗಿಲಿನ ಮೇಜಿನಲ್ಲಿ ಕೂರುವ ಒಬ್ಬ ಹೆಣ್ಣುಮಗಳು. ಕೆಲಸ ಖಾಲಿ ಇದೆ ಎಂಬ ಪ್ರಕಟಣೆ ಹಾಕುವುದು ಅವರ ಜವಾಬ್ದಾರಿ. ಅವರನ್ನು ಯಾವ ಮೀಟಿಂಗಿಗೂ ಕರೆಯಲಿಲ್ಲ. ಬಿರಿಯಾನಿ ಬಂದಾಗ ತಟ್ಟೆ ಲೆಕ್ಕ ಹಾಕಲು ಮಾತ್ರ ಕರೆದರು. ಆರು ತಿಂಗಳಾದ ಮೇಲೆ ನೋಡಿದರೆ, ಆಕೆ ಪ್ರಕಟಣೆಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಮೊಬೈಲಿನಲ್ಲಿ ಫೋಟೊ ಹೊಡೆದು, ಆ ಫೋಟೊವನ್ನು ವೆಬ್‌ಸೈಟಿಗೆ ಏರಿಸುತ್ತಿದ್ದರು. ಫೋಟೊದ ಮೂಲೆಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕಾಣುತ್ತಿತ್ತು.

"ಯಾಕಮ್ಮ ಹಿಂಗೆ?" ಎಂದು ಕೇಳಿದೆ.

"ನಿಮ್ಮ ಸಿಸ್ಟಮ್‌ನಲ್ಲಿ ಹಾಕ್ಬೇಕಂದ್ರೆ ಹನ್ನೊಂದು ಸಲ ಒತ್ಬೇಕು ಸಾರ್. ಹನ್ನೆರಡನೇ ಸಲ ಫಸ್ಟಿಂದ ಮಾಡು ಅನ್ನುತ್ತೆ. ಇದಾದ್ರೆ ಎರಡು ನಿಮಿಷ."

ಆಗ ನಾನು ಕಲಿಯಬೇಕಾಗಿದ್ದ ಪಾಠ ಸರಳವಾಗಿತ್ತು. ಯಾರು ಬರೆಯುತ್ತಾರೋ ಅವರನ್ನು ಮೊದಲು ಕುರ್ಚಿಯಲ್ಲಿ ಕೂರಿಸಿ ನೋಡಬೇಕು, ಆಮೇಲೆ ಆರಿಸಬೇಕು. ನಾನು ಕಲಿತದ್ದು ಇನ್ನೊಂದು. ಆರಿಸುವವರು ಬೇರೆ, ಬಳಸುವವರು ಬೇರೆ. ಆರಿಸುವವರನ್ನು ಖುಷಿಯಾಗಿಟ್ಟರೆ ಸಾಕು. ಈ ಜ್ಞಾನ ತುಂಬಿಕೊಂಡು, ಕೆಲಸ ಬಿಟ್ಟು, ಪೀಣ್ಯಕ್ಕೆ ವಾಪಸು ಬಂದು ಸ್ವಂತ ಅಂಗಡಿ ತೆರೆದೆ.

ಆ ಹೊತ್ತಿಗೆ ಸಿಎಂಎಸ್ ಇಲ್ಲದೆ ವೆಬ್‌ಸೈಟ್ ಮಾರುವ ಹಾಗಿರಲಿಲ್ಲ. ಆರಿಸಲು ಮೂರು ದಾರಿ ಇದ್ದವು, ಈಗಲೂ ಅವೇ ಮೂರು. ಒಂದು, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದಾದ, ಸಾವಿರಾರು ಜನಕ್ಕೆ ಗೊತ್ತಿರುವ ವ್ಯವಸ್ಥೆ. ನಾನಿಲ್ಲದಿದ್ದರೆ ಬೀದಿಯಲ್ಲಿ ಇನ್ನೊಬ್ಬ ಸಿಗುತ್ತಾನೆ. ಆದರೆ ಅದನ್ನು ಆಗಾಗ ಹೊಸದು ಮಾಡುತ್ತಿರಬೇಕು, ಇಲ್ಲದಿದ್ದರೆ ಕಳ್ಳರು ನುಗ್ಗುತ್ತಾರೆ. ಎರಡು, ತಿಂಗಳ ಬಾಡಿಗೆಯದ್ದು. ಮನೆ ಅವರದ್ದು, ಗೋಡೆಗೆ ಮೊಳೆ ಹೊಡೆಯಲೂ ಅವರನ್ನು ಕೇಳಬೇಕು, ಆದರೆ ನಲ್ಲಿ ಕೆಟ್ಟರೆ ಅವರೇ ನೋಡಿಕೊಳ್ಳುತ್ತಾರೆ. ಮೂರು, ನನ್ನಂಥವನೊಬ್ಬ ತಾನೇ ಮಾಡಿಕೊಟ್ಟದ್ದು. ಅದರ ಬೀಗದ ಕೈ ಅವನೊಬ್ಬನ ಹತ್ತಿರ.

ನಾನು ಎಲ್ಲರಿಗೂ ಮೂರನೆಯದನ್ನೇ ಆರಿಸಿಕೊಟ್ಟೆ. ಅದರಲ್ಲೂ ಕಳ್ಳತನ. ಪುಕ್ಕಟೆ ಸಿಗುವ ಒಂದನ್ನು ತೆಗೆದುಕೊಂಡು, ಬಣ್ಣ ಬದಲಾಯಿಸಿ, ಬೇಡವೆನಿಸಿದ ಭಾಗ ಕಿತ್ತು, ನನ್ನ ಹೆಂಡತಿ ಜಯಮ್ಮನ ನೆನಪಿಗೆ 'ಜಯ' ಎಂದು ಹೆಸರಿಟ್ಟೆ. ಅವಳು ಪಕ್ಕದಲ್ಲೇ ಕಾಫಿ ಸೋಸುತ್ತಿದ್ದಳು.

"ನೆನಪಿಗೆ ಅಂದ್ರೇನು, ನಾನಿನ್ನೂ ಇದೀನಲ್ಲ," ಎಂದಳು. "ನನ್ನ ಹೆಸರು ಯಾಕೆ? ನಾಳೆ ಕೆಟ್ಟೋದ್ರೆ ಜನ ಬಯ್ಯೋದು ನನ್ನೇ."

ಕಿತ್ತ ಭಾಗಗಳಲ್ಲಿ ಒಂದು ಮುಖ್ಯವಾದದ್ದು. ಯಾವ ಪುಟವನ್ನು ಯಾರು, ಯಾವಾಗ, ಏನೆಂದು ಬದಲಾಯಿಸಿದರು ಎಂದು ಬರೆದಿಡುವ ಭಾಗ. ಹಳೆಯ ರೂಪವನ್ನೂ ಅದು ಇಟ್ಟುಕೊಂಡಿರುತ್ತದೆ, ಬೇಕಾದರೆ ಹಿಂದಕ್ಕೆ ಹೋಗಬಹುದು. ಅದನ್ನು ಕಿತ್ತದ್ದೇಕೆ? "ಸೈಟು ಬೇಗ ತೆರೆಯಲಿ ಅಂತ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆ. ನಿಜ ಏನೆಂದರೆ, ವರ್ಷವಿಡೀ ನಿಮ್ಮ ಸೈಟನ್ನು ನೋಡಿಕೊಳ್ಳುತ್ತೇನೆ ಎಂದು ಒಪ್ಪಂದ ಮಾಡಿಕೊಂಡು ನಾನು ಹನ್ನೊಂದು ತಿಂಗಳು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಭಾಗ ಇದ್ದಿದ್ದರೆ ನನ್ನ ಸೋಮಾರಿತನ ತಾರೀಖಿನ ಸಮೇತ ಬಯಲಾಗುತ್ತಿತ್ತು.

ಇನ್ನೊಂದು ಸರಳ ಮಾಡಿದೆ. ಒಂದು ಕಂಪನಿಗೆ ಒಂದೇ ಪಾಸ್‌ವರ್ಡು. ಮಾಲೀಕರು, ಗುಮಾಸ್ತರು, ನಾನು ಎಲ್ಲರೂ ಅದರಲ್ಲೇ ಒಳಗೆ ಹೋಗುವುದು. ಪೀಣ್ಯದಲ್ಲಿ ಇದು ಯಾರಿಗೂ ವಿಚಿತ್ರ ಅನಿಸಲಿಲ್ಲ. ಶೆಡ್ಡಿಗೆ ಒಂದೇ ಬೀಗ, ಅದರ ಕೈಯನ್ನು ಮೊಳೆಗೆ ನೇತು ಹಾಕಿರುತ್ತಾರೆ, ಹಾಗೆ. ಶಿವಣ್ಣನವರ ಪಾಸ್‌ವರ್ಡು ಮನೆದೇವರ ಹೆಸರು ಮತ್ತು ಟೆಂಪೋ ನಂಬರು. ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪರದೆಯ ಪಕ್ಕ ಅಂಟಿಸಿದ್ದರು.

ಇದರಲ್ಲೆಲ್ಲ ಬೀಳದವರು ಒಬ್ಬರೇ. ಜಾಲಹಳ್ಳಿಯ ನಾರಾಯಣಪ್ಪ ಎಂಬ ಹಿರಿಯರು, ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು, ಮನೆಯ ಹಿಂದೆ ಸಣ್ಣ ಲೇತ್ ಯಂತ್ರ ಇಟ್ಟುಕೊಂಡಿದ್ದರು. ನಾನು 'ಜಯ'ವನ್ನು ತೋರಿಸಿ ಮುಗಿಸಿದಾಗ ಕನ್ನಡಕ ತೆಗೆದು ಕೇಳಿದರು:

"ನಾಳೆ ನೀನು ಸತ್ರೆ ಇದನ್ನ ಯಾರಪ್ಪ ಬಿಚ್ಚೋದು?"

"ಯಾಕ್ ಸಾರ್ ಅಪಶಕುನ ಮಾತಾಡ್ತೀರಿ?"

"ಶಕುನ ಕೇಳ್ತಿಲ್ಲ ಕಣಯ್ಯ, ಸ್ಪೇರ್ ಪಾರ್ಟು ಕೇಳ್ತಿದೀನಿ. ನಾನು ಬರೆದಿರೋದನ್ನೆಲ್ಲ ಕಿತ್ತು ಈ ಪೆನ್‌ಡ್ರೈವ್‌ಗೆ ಹಾಕ್ಕೊಡು, ನೋಡೋಣ."

'ಜಯ'ದಿಂದ ಏನನ್ನೂ ಹೊರಗೆ ತೆಗೆಯಲು ಬರುತ್ತಿರಲಿಲ್ಲ. ನಾನು ಬೆವರಿದೆ. ಕೊನೆಗೆ ಅವರಿಗೆ ಮಾತ್ರ ಎಲ್ಲರಿಗೂ ಗೊತ್ತಿರುವ ಪುಕ್ಕಟೆ ವ್ಯವಸ್ಥೆಯನ್ನೇ ಹಾಕಿಕೊಟ್ಟೆ. ಆಮೇಲೆ ಅವರು ನನಗೆ ಒಂದು ಸಲವೂ ಫೋನ್ ಮಾಡಲಿಲ್ಲ, ಮಾಡುವ ಅಗತ್ಯ ಬೀಳಲಿಲ್ಲ. ಹಾಗಾಗಿ ಅವರನ್ನು ಕೆಟ್ಟ ಗಿರಾಕಿಗಳ ಪಟ್ಟಿಗೆ ಸೇರಿಸಿದ್ದೆ.

ಇನ್ನು ಸುತ್ತಲು ದಾರಿ ಉಳಿದಿಲ್ಲ.

ಶಿವಣ್ಣನವರ ಆಫೀಸಿನಲ್ಲಿ ವೆಬ್‌ಸೈಟಿನ ಕೆಲಸ ನೋಡುತ್ತಿದ್ದವರು ವನಜಾಕ್ಷಿ. ದಾಸರಹಳ್ಳಿಯಿಂದ ಬರುತ್ತಿದ್ದರು. ಪರ್ಚೇಸ್ ಆರ್ಡರ್, ಟೆಸ್ಟ್ ಸರ್ಟಿಫಿಕೇಟು, ವೆಬ್‌ಸೈಟು ಎಲ್ಲ ಅವರದ್ದೇ. ಒಂದು ಅಂಕಿ ಬರೆದರೆ ಎರಡು ಸಲ ಓದಿ, ಕೆಳಗೆ ಪೆನ್ಸಿಲಿನಲ್ಲಿ ಟಿಕ್ ಹಾಕುವ ಸ್ವಭಾವ. ನಾನು ಹೋದಾಗಲೆಲ್ಲ ಕೇಳುತ್ತಿದ್ದರು: "ಸಾರ್, ನಾನು ಏನ್ ಚೇಂಜ್ ಮಾಡಿದೆ ಅಂತ ಎಲ್ಲಾದ್ರೂ ಕಾಣುತ್ತಾ?" ನಾನು "ಪುಟದ ಕೆಳಗೆ ಕೊನೆಯ ಬದಲಾವಣೆ ತಾರೀಖು ಬರುತ್ತಲ್ಲಮ್ಮ, ಸಾಕು" ಎನ್ನುತ್ತಿದ್ದೆ. ಆ ತಾರೀಖು ನಾನೇ ಹಾಕಿದ್ದು, ಸೈಟಿಗೆ ಜೀವ ಇದೆ ಎಂದು ತೋರಿಸಲು. ಅವರಿಗೆ ಅದು ಸಾಲಲಿಲ್ಲ. ತಮ್ಮ ಬದಲಾವಣೆಗಳನ್ನು ತಾವೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಆ ವರ್ಷ ಶಿವಣ್ಣ ತಮ್ಮ ಹಗ್ಗಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿಸಿದರು. ಒಂದು ಅಳತೆಯ ಸ್ಲಿಂಗ್ ಎರಡು ಟನ್ ಎತ್ತುತ್ತದೆ ಎಂದು ಮೊದಲು ಹಾಕಿದ್ದರು. ಪರೀಕ್ಷೆಯ ನಂತರ ಅದನ್ನು ಒಂದೂವರೆ ಟನ್‌ಗೆ ಇಳಿಸಿದರು. ಆಷಾಢದಲ್ಲಿ ವನಜಾಕ್ಷಿ ವೆಬ್‌ಸೈಟಿನ ಪಟ್ಟಿಯನ್ನು ತಿದ್ದಿದರು. ಟಿಕ್ ಹಾಕಿದರು. ಶಿವಣ್ಣ ಪ್ರಿಂಟಿನ ಮೇಲೆ ಓಕೆ ಬರೆದು ಸೀಲು ಒತ್ತಿದರು.

ಆಯುಧ ಪೂಜೆ ಬಂತು. ಪೀಣ್ಯದಲ್ಲಿ ಆ ದಿನ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಯಂತ್ರಗಳನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡಲೆಪುರಿ ಮತ್ತು ಸಿಹಿಯ ಪೊಟ್ಟಣ ಹಂಚಿ ಮಧ್ಯಾಹ್ನದ ಒಳಗೆ ಬಾಗಿಲು ಹಾಕುತ್ತಾರೆ. ಪೂಜೆಯಾದ ಯಂತ್ರವನ್ನು ಯಾರೂ ಮುಟ್ಟುವುದಿಲ್ಲ. ಕಂಪ್ಯೂಟರಿಗೂ ಅದೇ ಮರ್ಯಾದೆ. ಪರದೆಗೆ ಮೂರು ಬೆರಳಿನ ವಿಭೂತಿ, ಮೌಸಿಗೆ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಮಾರನೆಯ ದಿನ ವಿಜಯದಶಮಿ, ಅಂದೂ ರಜ.

ನಮ್ಮ ಮನೆಯಲ್ಲೂ ಜಯಮ್ಮ ನನ್ನ ಕಂಪ್ಯೂಟರಿಗೆ ಹಾರ ಹಾಕಿ ಆರತಿ ಎತ್ತಿದ್ದಳು. ನಾನು ಊಟ ಮಾಡಿ ಕೂತವನು ಯೋಚಿಸಿದೆ. ಎಲ್ಲ ಗಿರಾಕಿಗಳ ಸೈಟುಗಳನ್ನೂ ಹೊಸ ಸರ್ವರಿಗೆ, ಅಂದರೆ ಸೈಟುಗಳನ್ನು ಇಟ್ಟುಕೊಳ್ಳುವ ದೂರದ ಕಂಪ್ಯೂಟರಿಗೆ, ಸಾಗಿಸುವ ಕೆಲಸ ತಿಂಗಳುಗಳಿಂದ ಬಾಕಿ ಇತ್ತು. ಕಾರ್ಖಾನೆಗಳೆಲ್ಲ ಮುಚ್ಚಿವೆ, ಫೋನ್ ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ದಿನ ಸಿಗದು. ಹಾರ ಎತ್ತಿ ಪಕ್ಕಕ್ಕಿಟ್ಟು ಗುಂಡಿ ಒತ್ತಿದೆ.

"ಪೂಜೆ ಮಾಡಿದ್ ಮೇಲೆ ಮುಟ್ಬಾರ್ದು ಅಂತ ಗೊತ್ತಿಲ್ವಾ?" ಎಂದಳು ಜಯಮ್ಮ.

"ಇದು ಲೇತ್ ಅಲ್ಲ ಕಣೇ. ಇದಕ್ಕೆ ಪೂಜೆ ತಟ್ಟಲ್ಲ."

ಎಲ್ಲ ಸಾಗಿಸಿದೆ. ಶಿವಣ್ಣನವರ ಸೈಟಿನ ಪಟ್ಟಿಗಳ ನಕಲುಗಳು ನನ್ನ ಹತ್ತಿರ ಎರಡು ಫೋಲ್ಡರಿನಲ್ಲಿದ್ದವು. ಒಂದರ ಹೆಸರು 'ಶಿವಣ್ಣ ಹೊಸದು', ಇನ್ನೊಂದರ ಹೆಸರು 'ಶಿವಣ್ಣ ಹೊಸದು ಎರಡು'. ಪುರಿ ತಿನ್ನುತ್ತಾ ಮೊದಲನೆಯದನ್ನು ಹಾಕಿದೆ. ಅದು ಆಷಾಢಕ್ಕಿಂತ ಹಿಂದಿನದು. ಒಂದೂವರೆ ಟನ್ ಮತ್ತೆ ಎರಡು ಟನ್ ಆಯಿತು. ಪುಟದ ಕೆಳಗೆ ಆಯುಧ ಪೂಜೆಯ ತಾರೀಖು ತಾನಾಗಿ ಬಿತ್ತು.

ಕಾರ್ತಿಕದಲ್ಲಿ ವೈಟ್‌ಫೀಲ್ಡ್ ಕಡೆಯ ಒಂದು ಗೋದಾಮಿನಲ್ಲಿ ಯಂತ್ರವೊಂದನ್ನು ಲಾರಿಯಿಂದ ಇಳಿಸುತ್ತಿದ್ದರು. ಶಿವಣ್ಣನವರ ಹಳೆಯ ಸ್ಲಿಂಗ್. ಎಷ್ಟು ಭಾರ ಎಂದು ಹೇಳುವ ತಗಡಿನ ಬಿಲ್ಲೆ ಸವೆದುಹೋಗಿತ್ತು. ಅಲ್ಲಿನ ಸೂಪರ್‌ವೈಸರ್ ಜವಾಬ್ದಾರಿಯ ಮನುಷ್ಯ. ಮೊಬೈಲ್ ತೆಗೆದು ವೆಬ್‌ಸೈಟ್ ನೋಡಿ, ಎರಡು ಟನ್ ಎಂದು ಖಾತ್ರಿ ಮಾಡಿಕೊಂಡೇ ಎತ್ತಿಸಿದ. ಹಗ್ಗದ ಎಳೆಗಳು ಬಿಟ್ಟುಕೊಂಡವು. ಯಂತ್ರ ವಾಲಿ ನೆಲಕ್ಕೆ ಬಡಿಯಿತು. ಕೆಳಗೆ ನಿಂತಿದ್ದವನ ಪಾದಕ್ಕೂ ಅದಕ್ಕೂ ಒಂದು ಗೇಣು ಅಂತರ.

ಆ ಗೇಣನ್ನು ನಾನು ಎಷ್ಟು ಸಲ ಅಳೆದಿದ್ದೇನೋ ಲೆಕ್ಕವಿಲ್ಲ.

ಶಿವಣ್ಣ ನನ್ನನ್ನು ಕರೆಸಿದರು. ಗೋದಾಮಿನವರು ಕಳಿಸಿದ್ದ ಪುಟದ ಫೋಟೊ ಮೇಜಿನ ಮೇಲಿತ್ತು. ವನಜಾಕ್ಷಿ ನೋಟ್‌ಪುಸ್ತಕ ಹಿಡಿದು ನಿಂತಿದ್ದರು. ಫೋಟೊ ನೋಡಿದ ಕ್ಷಣವೇ ನನಗೆ ಎಲ್ಲ ತಿಳಿಯಿತು, ಪುರಿಯ ರುಚಿ ಕೂಡ ಬಾಯಿಗೆ ಬಂತು.

"ಇಂಗೆ ಎಂಗಾಯ್ತು ಮುನಿರಾಜು? ತಿದ್ದಿದ್ ಮೇಲೂ ಅಳೇ ನಂಬರ್ ಎಂಗೆ ವಾಪಸ್ ಬಂತು?"

ನಾನು ಬಾಯಿ ತೆರೆಯುವ ಮೊದಲು ವನಜಾಕ್ಷಿ ಹೇಳಿದರು: "ಸಾರ್, ಕೆಳಗಡೆ ತಾರೀಖು ನೋಡಿ. ಆಯುಧ ಪೂಜೆ ದಿನ. ಅವತ್ತು ಕಂಪ್ಯೂಟರಿಗೆ ನಾನೇ ಹಾರ ಹಾಕಿದ್ದು. ಯಾರೂ ಮುಟ್ಟಿಲ್ಲ. ನೀವೇ ಬಾಗಿಲು ಹಾಕ್ಕೊಂಡು ಹೋದ್ರಿ."

ಶಿವಣ್ಣ ನನ್ನ ಕಡೆ ತಿರುಗಿದರು. ಬದಲಾವಣೆಯ ಇತಿಹಾಸ ತೋರಿಸು ಎಂದು ಅವರು ಕೇಳುವ ಹಾಗಿರಲಿಲ್ಲ, ಅದನ್ನು ನಾನು ಕಿತ್ತು ವರ್ಷಗಳಾಗಿದ್ದವು. ಎಲ್ಲರೂ ಒಂದೇ ಪಾಸ್‌ವರ್ಡಿನವರು. ಉಳಿದದ್ದು ಆ ತಾರೀಖು ಒಂದೇ. ಅದನ್ನೂ ನಾನು ಕೊಂದೆ.

"ಸರ್ವರ್ ಇರೋದು ಅಮೆರಿಕದಲ್ಲಿ ಸಾರ್," ಎಂದೆ. "ಅಲ್ಲಿನ ಗಡಿಯಾರ ಬೇರೆ. ಒಂದು ದಿನ ಆಚೆ ಈಚೆ ಆಗ್ತದೆ. ಪೂಜೆ ಹಿಂದಿನ ದಿನ ಇಲ್ಲಿಂದ ಯಾರೋ ಏನೋ ಒತ್ತಿರಬೇಕು. ಹಬ್ಬದ ಗಡಿಬಿಡಿ, ಕೈ ತಪ್ಪೋದು ಸಹಜ."

ನನ್ನ ಇಡೀ ಕಸುಬಿನಲ್ಲಿ ಇಷ್ಟು ಚೊಕ್ಕವಾಗಿ ಕೂತ ಇನ್ನೊಂದು ಕೆಲಸವಿಲ್ಲ. ಸಹಜ ಎಂಬ ಮಾತನ್ನು ಬೇರೆ ಸೇರಿಸಿದ್ದೆ, ದೊಡ್ಡ ಮನಸ್ಸಿನವನ ಹಾಗೆ.

ವನಜಾಕ್ಷಿ ನನ್ನ ಮುಖ ನೋಡಿದರು. ನೋಟ್‌ಪುಸ್ತಕ ಮುಚ್ಚಿದರು. ಮಾರನೆಯ ದಿನದಿಂದ ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು, ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯಲು. ಲೋಡಿನ ಪಟ್ಟಿ ತಪ್ಪು ಹಾಕಿದವಳು ಎಂಬ ಮಾತು ಶೆಡ್ಡಿನಿಂದ ಶೆಡ್ಡಿಗೆ ಹೋಯಿತು. ಯುಗಾದಿಗೆ ಮುಂಚೆ ಕೆಲಸ ಬಿಟ್ಟರು. ನಾನು ಪಟ್ಟಿ ಸರಿಪಡಿಸಿದೆ, ಶಿವಣ್ಣ ಓಕೆ ಬರೆದು ಸೀಲು ಒತ್ತಿದರು.

ಮನೆಯಲ್ಲಿ ಜಯಮ್ಮನಿಗೆ ವಿಷಯ ಗೊತ್ತಾಗಿದ್ದು ಬೇರೆಯವರಿಂದ. ಅವಳು ಜಗಳ ಮಾಡಲಿಲ್ಲ. ಮುಂದಿನ ವರ್ಷದ ಆಯುಧ ಪೂಜೆಯಲ್ಲಿ ಗ್ರೈಂಡರಿಗೆ, ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ ಹಾರ ಹಾಕಿದಳು. ನನ್ನ ಕಂಪ್ಯೂಟರಿಗೆ ಹಾಕಲಿಲ್ಲ. ಆಮೇಲೆ ಯಾವ ವರ್ಷವೂ ಹಾಕಲಿಲ್ಲ.

ವರ್ಷಗಳು ಕಳೆದವು. ನನ್ನ ಕಣ್ಣು ಮಂಜಾಯಿತು, ಅಂಗಡಿ ಮುಚ್ಚಿದೆ. ಗಿರಾಕಿಗಳನ್ನು 'ಜಯ'ದಿಂದ ಬಿಡಿಸಿ ಬೇರೆ ವ್ಯವಸ್ಥೆಗೆ ಸೇರಿಸಲು ಒಂದು ವರ್ಷ ಒದ್ದಾಡಿದೆ. ನಾರಾಯಣಪ್ಪನವರು ಕೇಳಿದ್ದು ನೆನಪಾಗುತ್ತಿತ್ತು. ಬದುಕಿರುವಾಗಲೇ ನನಗೂ ಅದನ್ನು ಬಿಚ್ಚಲಾಗುತ್ತಿರಲಿಲ್ಲ.

ಹೋದ ವರ್ಷ ಒಂದು ದಿನ ಫೋನ್ ಬಂತು. "ಸಾರ್, ನಾನು ವನಜಾಕ್ಷಿ. ಈಗ ಮೂರನೇ ಹಂತದಲ್ಲಿ ಸ್ಪ್ರಿಂಗ್ ಮಾಡೋ ಕಂಪನಿಯಲ್ಲಿದೀನಿ. ಆಫೀಸ್ ನಾನೇ ನೋಡ್ಕೋತೀನಿ. ವೆಬ್‌ಸೈಟ್‌ಗೆ ಸಿಎಂಎಸ್ ಆರಿಸ್ಬೇಕಿತ್ತು. ಒಂದ್ ಸಲ ಬರ್ತೀರಾ?"

ಹೋಗುವುದೋ ಬೇಡವೋ ಎಂದು ಎರಡು ದಿನ ಮನೆಯಲ್ಲಿ ಓಡಾಡಿದೆ. ಜಯಮ್ಮ ಇಸ್ತ್ರಿ ಮಾಡಿದ ಶರ್ಟು ತಂದು ಕುರ್ಚಿಯ ಮೇಲಿಟ್ಟಳು. ಹೋದೆ.

ಅವರ ಮೇಜಿನ ಮೇಲೆ ಅದೇ ಬಗೆಯ ನೋಟ್‌ಪುಸ್ತಕ. ಅದರಲ್ಲಿ ನಲವತ್ತು ಪ್ರಶ್ನೆಗಳಿರಲಿಲ್ಲ, ಮೂರಿದ್ದವು. ಓದಿ ಹೇಳಿದರು: "ಒಂದು, ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಬೇಕು. ಎರಡು, ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ಕಾಣಬೇಕು, ಅದನ್ನ ಯಾರೂ ಅಳಿಸೋಕೆ ಆಗಬಾರದು, ಓನರ್‌ಗೂ ಆಗಬಾರದು. ಮೂರು, ಬೇಡ ಅಂದ್ರೆ ಎಲ್ಲಾ ತಗೊಂಡು ಬೇರೆ ಕಡೆ ಹೋಗೋ ಹಂಗಿರಬೇಕು. ಇಂಥದ್ದು ಇದೆಯಾ ಸಾರ್?"

ಇಪ್ಪತ್ತು ವರ್ಷ ನಾನು ಗಿರಾಕಿಗಳಿಂದ ಮುಚ್ಚಿಟ್ಟದ್ದೆಲ್ಲ ಆ ಮೂರು ಸಾಲಿನಲ್ಲಿತ್ತು.

"ಇದೆ ಮೇಡಂ," ಎಂದೆ. "ಯಾವಾಗ್ಲೂ ಇತ್ತು." ಆಮೇಲೆ ಹೇಳಿಬಿಟ್ಟೆ. ಹಾರ ಎತ್ತಿಟ್ಟದ್ದು, ಎರಡು ಫೋಲ್ಡರು, ಪುರಿ, ಎಲ್ಲ. ಅಮೆರಿಕದ ಗಡಿಯಾರದ ಸುಳ್ಳನ್ನು ಕೊನೆಗೆ ಹೇಳಿದೆ.

ಅವರು ಪೆನ್ಸಿಲ್ ಕೆಳಗಿಟ್ಟರು. "ಗೊತ್ತಿತ್ತು ಸಾರ್."

"ಯಾವಾಗಿಂದ?"

"ಅವತ್ತು ಸಂಜೆ, ಬಸ್ಸಲ್ಲಿ. ಅಮೆರಿಕದ ಗಡಿಯಾರ ನಮಗಿಂತ ಹಿಂದೆ ಅಲ್ವಾ. ಅಲ್ಲಿ ಪೂಜೆ ದಿನ ತೋರಿಸ್ಬೇಕಂದ್ರೆ ಇಲ್ಲಿ ಪೂಜೆ ದಿನ ಆಗಿರಬೇಕು, ಇಲ್ಲಾಂದ್ರೆ ಮಾರನೇ ದಿನ. ಮಾರನೇ ದಿನ ವಿಜಯದಶಮಿ, ಫ್ಯಾಕ್ಟರಿ ಬೀಗ. ಹಿಂದಿನ ದಿನ ಅಂತೂ ಆಗೋಕೇ ಆಗಲ್ಲ."

ನನ್ನ ಚೊಕ್ಕವಾದ ಸುಳ್ಳು ಒಂದು ಬಸ್ ಪ್ರಯಾಣದ ಹೊತ್ತೂ ನಿಂತಿರಲಿಲ್ಲ. ನಾನು ಅದನ್ನು ಅಷ್ಟು ವರ್ಷ ಹೊತ್ತಿದ್ದೆ.

"ಶಿವಣ್ಣನೋರಿಗೆ ಹೇಳ್ಲಿಲ್ವಾ?"

"ಹೇಳಿದೆ. ಮುನಿರಾಜು ಎಕ್ಸ್‌ಪರ್ಟು, ನೀನು ಸುಮ್ನಿರಮ್ಮ ಅಂದ್ರು." ನೋಟ್‌ಪುಸ್ತಕ ಪಕ್ಕಕ್ಕಿಟ್ಟು ಹೇಳಿದರು: "ಈ ಕಂಪನಿಗೆ ಸೇರೋವಾಗ್ಲೂ ಕೇಳಿದ್ರು ಸಾರ್, ಲೋಡ್ ಪಟ್ಟಿ ತಪ್ಪು ಹಾಕಿದ್ದು ನೀವೇನಾ ಅಂತ. ನನಗೆ ಹೇಳಿ ಏನು ಪ್ರಯೋಜನ? ನನಗೆ ಗೊತ್ತಿರೋದೇ. ಶಿವಣ್ಣನವರ ಹತ್ರ ಹೋಗಿ ಹೇಳಿ. ಬರವಣಿಗೆಯಲ್ಲಿ ಕೊಡಿ."

ಮನೆಗೆ ಬಂದು ಒಂದು ಪುಟ ಬರೆದೆ. ಮೂರು ಸಲ ಹರಿದೆ, ಪ್ರತಿ ಸಲವೂ ಎಲ್ಲೋ ಒಂದು ಕಡೆ 'ಗಡಿಬಿಡಿಯಲ್ಲಿ' ಎಂಬ ಮಾತು ನುಸುಳುತ್ತಿತ್ತು. ನಾಲ್ಕನೆಯದರಲ್ಲಿ ನುಸುಳಲಿಲ್ಲ. ಅದನ್ನು ತೆಗೆದುಕೊಂಡು ಶಿವಣ್ಣನವರ ಹತ್ತಿರ ಹೋದೆ. ಅವರಿಗೂ ವಯಸ್ಸಾಗಿದೆ, ಆದರೂ ಅದೇ ಕುರ್ಚಿ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಈಗ್ ಯಾಕಯ್ಯ ಬಂದೆ ಇದನ್ನ ಹೇಳಕ್ಕೆ?"

"ಈಗ್ಲೂ ಬರ್ದೇ ಇದ್ರೆ ಹೇಳ್ದೇನೇ ಸತ್ತೋಗ್ತೀನಿ ಅನ್ನಿಸ್ತು ಸಾರ್."

"ಆ ಹೆಣ್ಮಗಳು ಹೇಳ್ದಾಗ ನಾನ್ ಕೇಳ್ಲಿಲ್ಲ," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಕೈ ತಾನಾಗಿ ಕೆಂಪು ಪೆನ್ನಿನ ಕಡೆ ಹೋಯಿತು. ನನ್ನ ತಪ್ಪೊಪ್ಪಿಗೆಯ ಕೆಳಗೆ ಓಕೆ ಎಂದು ಬರೆದರು. ಅದರ ಕೆಳಗೆ, 'ನಾನೂ ಕೇಳಲಿಲ್ಲ, ತಪ್ಪಾಯಿತು' ಎಂದು ಸೇರಿಸಿ ಸೀಲು ಒತ್ತಿದರು.

ಹೊಸಬರಿಗೆ ಹೇಳಬೇಕಾಗಿದ್ದ ಉತ್ತರ ಬಾಕಿ ಇದೆ. ಯಾವ ಸಿಎಂಎಸ್ ಬೆಸ್ಟು ಎಂದು ನನ್ನನ್ನು ಕೇಳಬೇಡಿ, ವನಜಾಕ್ಷಿಯವರ ಮೂರು ಸಾಲುಗಳನ್ನು ಕೇಳಿ. ಅದಕ್ಕೆ ನಾನು ಸೇರಿಸುವುದು ಇಷ್ಟೆ: ನಿಮಗೆ ಅನುಕೂಲವಾಗುವುದನ್ನು ಗಿರಾಕಿಗೆ ಆರಿಸಿಕೊಡುವಾಗ ನಿಮ್ಮ ಬಾಯಿಂದ ಬಹಳ ಒಳ್ಳೆಯ ಕಾರಣಗಳು ಬರುತ್ತವೆ. ಮಾತು ತೀರಾ ಚೆನ್ನಾಗಿ ಹೊರಡುತ್ತಿದೆ ಅನಿಸಿದರೆ ಅಲ್ಲೇ ನಿಲ್ಲಿಸಿ.

ಆ ಕಾಗದವನ್ನು ಮರುದಿನವೇ ವನಜಾಕ್ಷಿಯವರಿಗೆ ಕೊಟ್ಟೆ. ಅವರು ನಿಂತುಕೊಂಡೇ ಓದಿದರು. ಎರಡನೇ ಸಲವೂ ಓದಿದರು. ಸೀಲಿನ ಮೇಲೆ ಬೆರಳಾಡಿಸಿದರು. ಫೈಲಿಗೆ ಹಾಕಲು ಹೋದವರು ನಿಂತು, ನನ್ನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟರು.

"ತಾರೀಖು ಹಾಕಿಲ್ಲ ಸಾರ್ ನೀವು."

ನಾನು ಪೆನ್ನು ತೆಗೆದುಕೊಂಡೆ.

"ಇಲ್ಲಿನ ಗಡಿಯಾರದ್ದೇ ಹಾಕಿ," ಎಂದರು.